ಅಪೂರ್ವ ಅಂಚೆಚೀಟಿಗಳು ಮತ್ತು ಅವುಗಳ ಹರಾಜು ಮೌಲ್ಯ

ಅಪೂರ್ವ ಅಂಚೆಚೀಟಿಗಳು: ಟಪಾಲು ಸಾಗಣೆಯ ಸುಂಕವನ್ನು ಮುಂಗಡವಾಗಿ ಪಡೆದುದಕ್ಕೆ ಗುರುತಾಗಿ ಯಾವುದಾದರೊಂದು ಸರ್ಕಾರವು ಹೊರಡಿಸಿದ, ಕಾಲಕ್ರಮದಲ್ಲಿ ಅಳಿದುಳಿದು ಬೆರಳೆಣಿಕೆಗೆ ಇಳಿದ, ಆ ಕಾರಣದಿಂದಲೇ ಸಂಗ್ರಾಹಕರ ಸ್ಪರ್ಧೆಗೆ ವಸ್ತುವಾಗಿ ಹರಾಜುಕಟ್ಟೆಯಲ್ಲಿ ಮುಖಬೆಲೆಗೆ ಯಾವ ಸಂಬಂಧವೂ ಇಲ್ಲದ ಮೊತ್ತವನ್ನು ಗಳಿಸುವ ಚೀಟಿಗಳು. ಕಾಗದವೆಂದು ನೋಡಿದರೆ ಇವಕ್ಕೆ ಕಾಸಿನ ಬೆಲೆಯಿಲ್ಲ. ಸೇವೆಯ ರಸೀದಿಯೆಂದು ನೋಡಿದರೆ, ಲಕೋಟೆಯು ವಿಳಾಸದಾರನ ಕೈಸೇರಿದ ದಿನವೇ ಇವುಗಳ ಆಯುಸ್ಸು ಮುಗಿದಿರುತ್ತದೆ. ಹಾಗಿದ್ದೂ ಇವುಗಳಲ್ಲಿ ಕೆಲವು, ತೂಕಕ್ಕೆ ತೂಕ ಹಿಡಿದು ನೋಡಿದಲ್ಲಿ, ಮನುಷ್ಯನು ಮಾರಿ ಕೊಂಡಿರುವ ವಸ್ತುಗಳಲ್ಲೆಲ್ಲ ಅತ್ಯಂತ ದುಬಾರಿಯಾದವುಗಳ ಸಾಲಿಗೆ ಸೇರಿವೆ. ಈ ಮೌಲ್ಯವನ್ನು ಪ್ರಾಚೀನತೆಯಾಗಲಿ ಚಿತ್ರಸೌಂದರ್ಯವಾಗಲಿ ತಂದುಕೊಡುವುದು ವಿರಳ. ಆಡಳಿತಯಂತ್ರದ ಯಾವುದೋ ಒಂದು ಗಳಿಗೆಯ ಅಭಾವ, ಅವಸರ, ಅನವಧಾನ, ಕೆಲವೊಮ್ಮೆ ಅಧಿಕಾರಪದವಿಗೆ ಸಲ್ಲಿಸಿದ ಅತಿಯಾದ ಮರ್ಯಾದೆ, ಇವುಗಳಿಂದ ಹುಟ್ಟಿದ ಚೀಟಿಗಳೇ ಮುಂದೆ ಅಪೂರ್ವವೆನಿಸಿಕೊಂಡವೆಂಬುದು ಪ್ರಸಿದ್ಧ ಚೀಟಿಗಳ ಚರಿತ್ರೆಯನ್ನು ಪರಿಶೀಲಿಸಿದಲ್ಲಿ ವಿದಿತವಾಗುತ್ತದೆ.

ಹಳೆಯದೆಲ್ಲವೂ ಅಪೂರ್ವವೆಂಬ ಭ್ರಾಂತಿ ಜನಸಾಮಾನ್ಯರಲ್ಲಿ ಬೇರೂರಿದೆ. ಇದನ್ನು ನಿವಾರಿಸಲು ಜಗತ್ತಿನ ಮೊತ್ತಮೊದಲನೆಯ ಅಂಟುಚೀಟಿಯ ನಿದರ್ಶನವೊಂದೇ ಸಾಕು. ಬ್ರಿಟನ್ನಿನ ಅಂಚೆ ಸುಧಾರಕ ರೋಲೆಂಡ್ ಹಿಲ್ಲನ ಯೋಜನೆಯಂತೆ 1840ರ ಮೇ 6ರಿಂದ ಬಳಕೆಗೆ ಬಂದ ಪೆನ್ನಿ ಬ್ಲ್ಯಾಕ್ ಚೀಟಿಯು, ಒಂದು ಹಾಳೆಗೆ 240ರಂತೆ, ಒಟ್ಟು 6 ಕೋಟಿ 80 ಲಕ್ಷಕ್ಕೂ ಮಿಕ್ಕು ಮುದ್ರಿತವಾಯಿತು. ಕಪ್ಪು ಚೀಟಿಯ ಮೇಲೆ ಹೊಡೆದ ಕೆಂಪು ಮುದ್ರೆಯನ್ನು ಜನ ಅಳಿಸಿ ಚೀಟಿಯನ್ನು ಮತ್ತೆ ಬಳಸತೊಡಗಿದುದರಿಂದ ಮರುವರ್ಷವೇ ಚೀಟಿಯ ಬಣ್ಣವನ್ನು ಕೆಂಪಿಗೂ ಮುದ್ರೆಯ ಮಸಿಯನ್ನು ಕಪ್ಪಿಗೂ ಬದಲಿಸಬೇಕಾಯಿತೆಂಬುದು ನಿಜ. ಆದರೂ ಆ ಕಾಲದ ವರ್ತಕರೂ ವಕೀಲರೂ ತಮ್ಮ ಕಾಗದಪತ್ರಗಳನ್ನು ಜೋಪಾನವಾಗಿ ಕಟ್ಟಿಟ್ಟಿದ್ದುದರಿಂದ ಈ ಚೀಟಿ ಇಂದಿಗೂ ಧಾರಾಳವಾಗಿ ಸಿಕ್ಕುತ್ತದೆ, ಸಾಧಾರಣ ಸ್ಥಿತಿಯದನ್ನು ಮಧ್ಯಮವರ್ಗದ ಸಂಗ್ರಾಹಕನೂ ಕೊಳ್ಳಬಲ್ಲನು. ಚರಿತ್ರೆಯಲ್ಲಿ ಇದರ ಸ್ಥಾನ ಪ್ರಥಮ. ಮಾರುಕಟ್ಟೆಯಲ್ಲಿ ಇದರ ಸ್ಥಾನ ಬಹಳ ಕೆಳಗಿನದು.

ಇದಕ್ಕೆ ತೀರ ವಿರುದ್ಧವಾದದ್ದು ಹಿಂದೂ ಮಹಾಸಾಗರದ ಮಾರಿಷಸ್ ದ್ವೀಪದ ಕಥೆ. ಬ್ರಿಟಿಷ್ ವಸಾಹತುಗಳಲ್ಲಿ ಮೊದಲು ಅಂಚೆಚೀಟಿ ಹೊರಡಿಸಿದ ಕೀರ್ತಿ ಆ ಪುಟ್ಟ ದ್ವೀಪಕ್ಕೆ ಸೇರಿದ್ದು. 1847ರ ಸೆಪ್ಟೆಂಬರಿನಲ್ಲಿ ಜೋಸೆಫ್ ಬರ್ನಾರ್ಡ್ ಎಂಬ ಸ್ಥಳೀಯ ಕೆತ್ತನೆಗಾರನು ತಾಮ್ರದ ಫಲಕದಲ್ಲಿ ರಾಣಿ ವಿಕ್ಟೋರಿಯಾಳ ಮುಖವನ್ನು ಕೊರೆದು, ಕಿತ್ತಳೆಗೆಂಪು ಬಣ್ಣದ ಒಂದು ಪೆನ್ನಿಯ ಚೀಟಿ 500, ನೀಲಿ ಬಣ್ಣದ ಎರಡು ಪೆನ್ನಿಯ ಚೀಟಿ 500, ಹೀಗೆ ಒಂದು ಸಾವಿರವನ್ನು ಮಾತ್ರ ಅಚ್ಚುಹಾಕಿದನು. ಗವರ್ನರನ ಪತ್ನಿ ಲೇಡಿ ಗಾಮ್ ತನ್ನ ಮನೆಯ ನೃತ್ಯಕೂಟದ ಆಮಂತ್ರಣಪತ್ರಗಳಿಗೆ ಇವುಗಳಲ್ಲಿ ಕೆಲವನ್ನು ಹಚ್ಚಿಸಿದಳು. ಉಳಿದವು ವರ್ತಕರ ಕೈಯಲ್ಲಿ ತೀರಿಹೋದವು. ಚೀಟಿಯ ಎಡ ಅಂಚಿನಲ್ಲಿ ‘ಪೋಸ್ಟ್ ಆಫೀಸ್’ ಎಂಬ ಪದಗಳಿದ್ದು, ಮುಂದಿನ ಮುದ್ರಣಗಳಲ್ಲಿ ಅವು ‘ಪೋಸ್ಟ್ ಪೇಯ್ಡ್’ ಎಂದು ಬದಲಾದುದರಿಂದ, ಮುದಿ ಕೆತ್ತನೆಗಾರನು ಮರೆವಿನಿಂದ ತಪ್ಪು ಕೊರೆದನೆಂಬ ಕಥೆ ಬಹುಕಾಲ ಪ್ರಚಾರದಲ್ಲಿತ್ತು. ಅದೇ ಪದಗಳು ಆ ದ್ವೀಪದ ಹಿಂದಿನ ಕೈಮುದ್ರೆಗಳಲ್ಲಿಯೂ ಕಂಡುಬಂದುದರಿಂದ ವಿದ್ವಾಂಸರು ಈ ಕಥೆಯನ್ನು ತಳ್ಳಿಹಾಕಿದ್ದಾರೆ. ಆದರೆ ಮಾರುವವನಿಗೆ ಕಥೆಯೇ ಅನುಕೂಲವಾದುದರಿಂದ ಅದು ಇನ್ನೂ ಪೂರ್ಣವಾಗಿ ಸತ್ತಿಲ್ಲ. ಎರಡೂ ಬಗೆಯವು ಸೇರಿ ಇಂದು ಉಳಿದಿರುವುವು ಮೂವತ್ತಕ್ಕಿಂತ ಕಡಮೆ.

1904ರಲ್ಲಿ, ಮುಂದೆ ಐದನೆಯ ಜಾರ್ಜ್ ದೊರೆಯಾದ ಆಗಿನ ವೇಲ್ಸ್ ಯುವರಾಜನು, ಬಳಸದೆ ಉಳಿದಿದ್ದ ನೀಲಿ ಚೀಟಿಯೊಂದನ್ನು ಹರಾಜಿನಲ್ಲಿ 1,450 ಪೌಂಡುಗಳಿಗೆ ಕೊಂಡನು. ಯಾವನೋ ಮೂರ್ಖನು ಒಂದು ಚೂರು ಕಾಗದಕ್ಕೆ ಇಷ್ಟು ಹಣ ಸುರಿದನಂತೆ ಎಂದು ಆಸ್ಥಾನಿಕನೊಬ್ಬನು ಹೇಳಲು, ಆ ಮೂರ್ಖನು ನಾನೇ ಎಂದು ಯುವರಾಜನು ಉತ್ತರಿಸಿದನೆಂದು ಪ್ರತೀತಿ. ಭಾರತದ ಓದುಗರಿಗೆ ಹೆಚ್ಚು ಹತ್ತಿರವಾದದ್ದು ಇವೇ ಚೀಟಿಗಳ ಇನ್ನೊಂದು ಪ್ರಸಂಗ. ಒಂದು ಪೆನ್ನಿಯ ಎರಡು ಚೀಟಿಗಳನ್ನು ಹಚ್ಚಿ ಮಾರಿಷಸ್ಸಿನಿಂದ ಮುಂಬಯಿಯ ಬೈಬಲ್ ಸಂಘದ ಕಾರ್ಯದರ್ಶಿಗೆ 1850ರಲ್ಲಿ ಕಳುಹಿಸಿದ್ದ ಲಕೋಟೆಯೊಂದು, 1897ರಲ್ಲಿ ಭಾರತದ ಒಂದು ಪೇಟೆಯಲ್ಲಿ 50 ಪೌಂಡಿಗೆ ಸಿಕ್ಕಿತೆಂದು ಹೇಳುತ್ತಾರೆ. ಅದು ಕೈಯಿಂದ ಕೈಗೆ ದಾಟುತ್ತ 1968ರಲ್ಲಿ ಅಮೆರಿಕದ ಹರಾಜಿನಲ್ಲಿ 3,80,000 ಡಾಲರು ಗಳಿಸಿ ಆ ಕಾಲದ ದಾಖಲೆಯಾಯಿತು. ಎರಡು ಬಗೆಯ ಚೀಟಿಗಳನ್ನೂ ಒಟ್ಟಿಗೆ ಹೊತ್ತು ಫ್ರಾನ್ಸಿನ ಬೋರ್ಡೋ ನಗರಕ್ಕೆ ಹೋದ ಮತ್ತೊಂದು ಲಕೋಟೆ 1993ರಲ್ಲಿ ಜ್ಯೂರಿಕ್ ನಗರದ ಹರಾಜಿನಲ್ಲಿ 60 ಲಕ್ಷ ಸ್ವಿಸ್ ಫ್ರಾಂಕುಗಳನ್ನು ಮೀರಿತು. ಚೀಟಿಯನ್ನು ನೀರಿನಲ್ಲಿ ನೆನಸಿ ಲಕೋಟೆಯಿಂದ ಬಿಡಿಸಿಡುವುದು ನಮ್ಮಲ್ಲಿ ಶಾಲಾಬಾಲಕರ ಮೊದಲ ಪಾಠವಾಗಿದ್ದಿತು. ಆ ಪಾಠದಿಂದ ನಷ್ಟವಾದುದೆಷ್ಟೆಂಬುದನ್ನು ಈ ಎರಡು ಲಕೋಟೆಗಳಿಂದ ಊಹಿಸಬಹುದು. ಹೊರಟ ಊರಿನ ಮುದ್ರೆ, ಹಡಗಿನ ಗುರುತು, ಸೇರಿದ ಊರಿನ ತಾರೀಖು ಇವುಗಳೊಡನೆ ತನ್ನ ಸ್ಥಾನದಲ್ಲಿಯೇ ಕುಳಿತಿರುವ ಚೀಟಿಯು ಒಂದು ಚಾರಿತ್ರಿಕ ದಾಖಲೆ. ಬಿಡಿಸಿದ ಚೀಟಿ ಅದರ ಒಂದು ಭಾಗ ಮಾತ್ರ.

ಅಭಾವವು ಅಪೂರ್ವತೆಗೆ ಜನ್ಮಕೊಡುವ ಬಗೆಯನ್ನು ಕಾಣಲು ಬ್ರಿಟಿಷ್ ಗಯಾನಾದ ಒಂದು ಸೆಂಟಿನ ಕೆನ್ನೀಲಿಗೆಂಪು ಚೀಟಿಗಿಂತ ಒಳ್ಳೆಯ ಉದಾಹರಣೆಯಿಲ್ಲ. 1856ರಲ್ಲಿ ಇಂಗ್ಲೆಂಡಿನಿಂದ ಬರಬೇಕಾಗಿದ್ದ ಚೀಟಿಗಳು ಸಕಾಲಕ್ಕೆ ತಲುಪದೆಹೋದುದರಿಂದ, ಅಲ್ಲಿಯ ಪೋಸ್ಟ್‌ಮಾಸ್ಟರನು ಜಾರ್ಜ್‌ಟೌನಿನ ಸರ್ಕಾರಿ ಗೆಜೆಟ್ ಮುದ್ರಿಸುತ್ತಿದ್ದ ಛಾಪಖಾನೆಯವರಿಗೆ ತಾತ್ಕಾಲಿಕವಾಗಿ ಕೆಲವನ್ನು ಅಚ್ಚುಹಾಕಿಕೊಡಲು ಹೇಳಿದನು. ಅವರು ತಮ್ಮಲ್ಲಿದ್ದ ಹಡಗಿನ ಅಚ್ಚನ್ನೇ ನಡುವೆ ಕೂರಿಸಿ ಕಳಪೆಯಾಗಿ ಮುದ್ರಿಸಿದರು. ಖೋಟಾ ಚೀಟಿಗಳ ಭಯದಿಂದ, ಮಾರುವ ಮುನ್ನ ಪ್ರತಿಯೊಂದರ ಮೇಲೂ ಅಂಚೆಯ ಗುಮಾಸ್ತರು ತಮ್ಮ ಹೆಸರಿನ ಆದ್ಯಕ್ಷರಗಳನ್ನು ಬರೆಯಬೇಕೆಂದು ಆಜ್ಞೆಯಾಯಿತು. ಕಾಗದಗಳಿಗೆ ನಾಲ್ಕು ಸೆಂಟಿನದೂ ವೃತ್ತಪತ್ರಿಕೆಗಳಿಗೆ ಒಂದು ಸೆಂಟಿನದೂ ಸಲ್ಲುತ್ತಿದ್ದವು. ಪತ್ರಿಕೆಯ ಸುತ್ತುಕಾಗದವನ್ನು ಯಾರು ತಾನೆ ಕಾಪಾಡಿಡುವರು? ನಾಲ್ಕು ಸೆಂಟಿನ ಚೀಟಿಗಳು ಅಷ್ಟಿಷ್ಟು ಉಳಿದವು. ಒಂದು ಸೆಂಟಿನದರಲ್ಲಿ ಉಳಿದದ್ದು ಒಂದೇ ಒಂದು. ಅದೂ ನಾಲ್ಕು ಮೂಲೆ ಕತ್ತರಿಸಿಹೋಗಿ ಎಂಟು ಮೂಲೆಯಾಗಿ, ಮುದ್ರೆಯ ಮಸಿ ಬಳಿದು, ಮಾಸಿದ ಸ್ಥಿತಿಯಲ್ಲಿ.

1873ರಲ್ಲಿ ವಾನ್ ಎಂಬ ಹನ್ನೆರಡು ವರ್ಷದ ಬಾಲಕನು ಮನೆಯ ಹಳೆಯ ಕಾಗದಗಳ ನಡುವೆ ಇದನ್ನು ಕಂಡು, ಇದಕ್ಕಿಂತ ಅಂದವಾದ ಚೀಟಿಗಳನ್ನು ಕೊಳ್ಳುವ ಆಸೆಯಿಂದ ಆರು ಷಿಲಿಂಗಿಗೆ ಮಾರಿದನು. ಅದು ಇಂಗ್ಲೆಂಡಿನ ವ್ಯಾಪಾರಿಯೊಬ್ಬನ ಮೂಲಕ, ಪ್ಯಾರಿಸ್ಸಿನಲ್ಲಿ ನೆಲೆಸಿ ಜಗತ್ತಿನ ಚೀಟಿಗಳನ್ನೆಲ್ಲ ಒಂದೆಡೆ ಕೂಡಿಸಲು ಹೊರಟಿದ್ದ ಫಿಲಿಪ್ ಫೆರಾರಿಯ ಕೈಸೇರಿತು. ಫೆರಾರಿಯ ಸಂಗ್ರಹಕ್ಕೆ ಸಮನಾದದ್ದು ಅದಕ್ಕೆ ಹಿಂದೆ ಇರಲಿಲ್ಲ, ಮುಂದೆಯೂ ಆಗಲಿಲ್ಲ. ಆತನು ಅದನ್ನು ಬರ್ಲಿನ್ನಿನ ಅಂಚೆ ವಸ್ತುಸಂಗ್ರಹಾಲಯಕ್ಕೆಂದು ಉಯಿಲು ಬರೆದು 1917ರಲ್ಲಿ ತೀರಿಕೊಂಡನು. ಆದರೆ ಯುದ್ಧದಲ್ಲಿ ಗೆದ್ದ ಫ್ರೆಂಚ್ ಸರ್ಕಾರವು ಶತ್ರುದೇಶಕ್ಕೆ ಸಲ್ಲಬೇಕಾದ ಆಸ್ತಿಯೆಂದು ಅದನ್ನು ವಶಪಡಿಸಿಕೊಂಡು, 1921ರಿಂದ ಮೊದಲ್ಗೊಂಡು ಕಂತುಕಂತಾಗಿ ಹರಾಜು ಹಾಕಿತು. ಒಂದು ಸರ್ಕಾರದ ಬಡತನದಿಂದ ಹುಟ್ಟಿದ ಚೀಟಿ, ಇನ್ನೊಂದು ಸರ್ಕಾರದ ಜಪ್ತಿಯಿಂದ ಮತ್ತೆ ಬಯಲಿಗೆ ಬಂದಿತು. 1922ರಲ್ಲಿ ಅಮೆರಿಕದ ಗಿರಣಿಯೊಡೆಯ ಆರ್ಥರ್ ಹೈಂಡ್ 35,000 ಡಾಲರಿಗೂ ಮಿಕ್ಕು ಕೊಟ್ಟು ಇದನ್ನು ಕೊಂಡನು. 1940ರಲ್ಲಿ ಫ್ಲಾರಿಡಾದ ಫ್ರೆಡರಿಕ್ ಸ್ಮಾಲ್ ಸುಮಾರು 40,000 ಡಾಲರಿಗೆ ಪಡೆದುದು 1970ರಲ್ಲಿ 2,80,000 ಡಾಲರಿಗೂ, 1980ರಲ್ಲಿ ಜಾನ್ ಡು ಪಾಂಟ್ ಎಂಬ ಶ್ರೀಮಂತನಿಗೆ 9,35,000 ಡಾಲರಿಗೂ ಮಾರಾಟವಾಯಿತು. ಡು ಪಾಂಟನು ಕೊಲೆಯ ಅಪರಾಧಕ್ಕಾಗಿ ಸೆರೆಮನೆ ಸೇರಿ ಅಲ್ಲಿಯೇ ಮಡಿದ ಬಳಿಕ, 2014ರಲ್ಲಿ ನ್ಯೂಯಾರ್ಕಿನ ಸಾದಬೀಸ್ ಹರಾಜುಮಂದಿರದಲ್ಲಿ ಪಾದರಕ್ಷೆಗಳ ವಿನ್ಯಾಸಕಾರ ಸ್ಟುಅರ್ಟ್ ವೈಟ್ಸ್‌ಮನ್ 94,80,000 ಡಾಲರು ತೆತ್ತು ಇದರ ಒಡೆಯನಾದನು. ಒಡೆಯರಾದವರು ಚೀಟಿಯ ಬೆನ್ನಿನ ಮೇಲೆ ತಮ್ಮ ಗುರುತನ್ನು ಒತ್ತುವುದು ಇದರ ವಿಷಯದಲ್ಲಿ ವಂಶಪಾರಂಪರ್ಯದಂತೆ ನಡೆದುಬಂದಿದೆ: ಫೆರಾರಿಯದು ಮೂರೆಸಳಿನ ಎಲೆ, ವೈಟ್ಸ್‌ಮನ್ನನದು ಎತ್ತರದ ಹಿಮ್ಮಡಿಯ ಪಾದರಕ್ಷೆ. ಬೇರಾವ ಚೀಟಿಗಾದರೂ ಇದು ಅಂಗಭಂಗವೆನಿಸುತ್ತಿತ್ತು, ಇದಕ್ಕೆ ಅಲಂಕಾರವಾಗಿದೆ.

ಭಾರತದ ಅಪೂರ್ವ ಚೀಟಿಗಳ ಚರಿತ್ರೆ ಸಿಂಧ್ ಪ್ರಾಂತದಿಂದ ಆರಂಭವಾಗುತ್ತದೆ. ಅಲ್ಲಿ ಕಮಿಷನರನಾಗಿದ್ದ ಬಾರ್ಟಲ್ ಫ್ರಿಯರನು 1852ರ ಜುಲೈ 1ರಂದು ಜಾರಿಗೆ ತಂದ ಅರ್ಧ ಆಣೆಯ ‘ಸಿಂಧ್ ಡಾಕ್’ ಚೀಟಿಯೇ ಏಷ್ಯಾಖಂಡದ ಪ್ರಪ್ರಥಮ ಅಂಟುಚೀಟಿ. ದುಂಡಗಿನ ಈ ಚೀಟಿಯಲ್ಲಿ ರಾಣಿಯ ಮುಖವಿಲ್ಲ. ಈಸ್ಟ್ ಇಂಡಿಯಾ ಕಂಪನಿಯ ವ್ಯಾಪಾರದ ಗುರುತನ್ನು ಉಬ್ಬಚ್ಚಿನಲ್ಲಿ ಒತ್ತಲಾಗಿದೆ. ಅದನ್ನು ಕೆಂಪು ಅರಗಿನ ಬಿಲ್ಲೆಯ ಮೇಲೆ ಒತ್ತಿದಾಗ ಅರಗು ಸಾಗಣೆಯಲ್ಲಿ ಒಡೆದು ಚೂರಾಗುತ್ತಿತ್ತು. ಬಿಳಿಯ ಕಾಗದದ ಮೇಲೆ ಬಣ್ಣವಿಲ್ಲದೆ ಒತ್ತಿದಾಗ ಮಂದಬೆಳಕಿನಲ್ಲಿ ಕಣ್ಣಿಗೆ ಕಾಣುತ್ತಿರಲಿಲ್ಲ. ಕೊನೆಗೆ ನೀಲಿ ಬಣ್ಣದಲ್ಲಿ ಮುದ್ರಿಸಲಾಯಿತು. ಎರಡು ವರ್ಷ ಕಳೆದು ಅಖಿಲ ಭಾರತದ ಚೀಟಿಗಳು ಬಂದೊಡನೆ ಇವನ್ನು ಹಿಂತೆಗೆದುಕೊಂಡರು. ಮೂರು ಬಗೆಗಳಲ್ಲಿಯೂ ಒಡೆಯದೆ ಉಳಿದ ಕೆಂಪು ಅರಗಿನದೇ ಪರಮ ದುರ್ಲಭವಾದದ್ದು. ಬಾಳಿಕೆಗೆ ಅಯೋಗ್ಯವೆಂದು ಕಂಪನಿಯವರು ಕೈಬಿಟ್ಟ ವಸ್ತುವನ್ನೇ ಬಾಳಿ ಉಳಿದುದಕ್ಕಾಗಿ ಸಂಗ್ರಾಹಕರು ಅರಸುತ್ತಾರೆ.

ಡಾಲ್‌ಹೌಸಿಯ ಆಡಳಿತದಲ್ಲಿ ದೇಶಾದ್ಯಂತ ಏಕರೂಪದ ಅಂಚೆದರ ನಿಗದಿಯಾಗಿ, ಕಾಲು ತೊಲ ತೂಕದ ಕಾಗದವು ದೂರ ಎಷ್ಟಾದರೂ ಅರ್ಧ ಆಣೆಗೆ ಸಾಗಬೇಕೆಂಬ ನಿಯಮವು 1854ರ ಅಕ್ಟೋಬರ್ 1ರಿಂದ ಜಾರಿಗೆ ಬಂದಾಗ, ಚೀಟಿಗಳ ಮುದ್ರಣದ ಹೊಣೆ ಕಲ್ಕತ್ತೆಯ ಸರ್ವೇ ಕಚೇರಿಯ ಮೇಲೆ ಬಿದ್ದಿತು. ಮೊದಲು ಟಂಕಸಾಲೆಯಲ್ಲಿ ನಡೆದ ಪ್ರಯತ್ನಗಳು ಬೇಕಾದಷ್ಟು ಪ್ರಮಾಣದಲ್ಲಿ ಚೀಟಿಗಳನ್ನು ಒದಗಿಸಲಾರದೆಹೋದುದರಿಂದ, ಕ್ಯಾಪ್ಟನ್ ಥುಯಿಲಿಯರನು ಭೂಪಟಗಳನ್ನು ಅಚ್ಚುಹಾಕುವ ಕಲ್ಲಚ್ಚಿನ ವಿಧಾನವನ್ನೇ ಇದಕ್ಕೂ ಬಳಸಿದನು; ಮುನೀರುದ್ದೀನ್ ಎಂಬ ದೇಶೀಯ ಕೆತ್ತನೆಗಾರನ ಕೈವಾಡ ಇದರಲ್ಲಿ ಪ್ರಧಾನವಾಗಿದ್ದಿತು. ಆಳುತ್ತಿದ್ದುದು ಒಂದು ವ್ಯಾಪಾರದ ಕಂಪನಿ. ಚೀಟಿಯ ಮೇಲಿದ್ದುದು ರಾಣಿಯ ಮುಖ. ಅರ್ಧ ಆಣೆಯ ಚೀಟಿಯನ್ನು ಮೊದಲು ಹಿಂಗುಲದ ಕೆಂಪಿನಲ್ಲಿ ಮುದ್ರಿಸತೊಡಗಿದ್ದರು. ಹೊರದೇಶದಿಂದ ತರಿಸಿದ್ದ ಆ ಬಣ್ಣ ನಡುವೆಯೇ ಮುಗಿದುಹೋಗಲು, ಬೇರೊಂದು ಅಚ್ಚನ್ನು ಸಿದ್ಧಪಡಿಸಿ ನೀಲಿಯಲ್ಲಿ ಮುದ್ರಿಸಿದರು. ವಿಧ್ಯುಕ್ತವಾಗಿ ಬಳಕೆಗೆ ಬಾರದ ಆ ಮೊದಲಿನ ಕೆಂಪು ಚೀಟಿಯನ್ನು, ಅದರ ಅಂಚಿನ ಒಂಬತ್ತೂವರೆ ಕಮಾನುಗಳಿಂದ ಸಂಗ್ರಾಹಕರು ಗುರುತಿಸುತ್ತಾರೆ.

ಈ ಮಾಲೆಯ ನಾಲ್ಕಾಣೆಯ ಚೀಟಿ ಎರಡು ಬಣ್ಣದ್ದು: ಕೆಂಪಿನಲ್ಲಿ ಎಂಟು ಮೂಲೆಯ ಚೌಕಟ್ಟು, ಅದರೊಳಗೆ ನೀಲಿಯಲ್ಲಿ ರಾಣಿಯ ತಲೆ. ಎರಡು ಬಣ್ಣವೆಂದರೆ ಹಾಳೆಯು ಎರಡು ಸಾರಿ ಕಲ್ಲಿನ ಮೇಲೆ ಹೋಗಬೇಕು. ಎರಡನೆಯ ಸಾರಿ ಹಾಳೆ ತಲೆಕೆಳಗಾಗಿ ಹೋದದ್ದರ ಫಲವೇ ಭಾರತದ ಚೀಟಿಗಳ ಇತಿಹಾಸದಲ್ಲಿ ವಿಖ್ಯಾತವಾದ ‘ತಲೆಕೆಳಗಾದ ತಲೆ’. ಮುದ್ರಿಸಿದವರಾಗಲಿ, ಮಾರಿದ ಗುಮಾಸ್ತರಾಗಲಿ, ಲಕೋಟೆಗೆ ಹಚ್ಚಿದ ಸಾಹೇಬರಾಗಲಿ ಅದನ್ನು ಗಮನಿಸಲಿಲ್ಲ, ಗಮನಿಸಿದ್ದರೆ ಸುಟ್ಟುಹಾಕುತ್ತಿದ್ದರು. ಜಗತ್ತಿನ ಬಹುವರ್ಣದ ಚೀಟಿಗಳಲ್ಲಿ ಮುದ್ರಣದೋಷದಿಂದ ಚಿತ್ರ ತಿರುವುಮುರುವಾದುದಕ್ಕೆ ಅತ್ಯಂತ ಹಿಂದಿನ ನಿದರ್ಶನಗಳಲ್ಲಿ ಇದೂ ಒಂದು. ಈವರೆಗೆ ತಿಳಿದುಬಂದಿರುವ ಪ್ರತಿಗಳು ಮೂವತ್ತರೊಳಗೆ. ಅವುಗಳಲ್ಲಿ ಹೆಚ್ಚಿನವನ್ನು ಚೌಕಟ್ಟಿನ ಆಕಾರಕ್ಕೆ ಅನುಸಾರವಾಗಿ ಎಂಟು ಮೂಲೆಯಾಗಿ ಕತ್ತರಿಸಿರುವುದರಿಂದ, ಚಚ್ಚೌಕವಾಗಿ ಅಂಚು ಉಳಿದಿರುವ ಒಂದೆರಡಕ್ಕೂ ಉಳಿದವಕ್ಕೂ ಬೆಲೆಯಲ್ಲಿ ಅಗಾಧವಾದ ಅಂತರವುಂಟು. ಮೂಲ ಲಕೋಟೆಯ ಮೇಲೆ ಉಳಿದುಬಂದಿರುವುವಂತೂ ಎರಡು ಮೂರನ್ನು ಮೀರವು.

ಸ್ವತಂತ್ರ ಭಾರತದ ಅತ್ಯಂತ ದುಬಾರಿಯಾದ ಚೀಟಿ ಹುಟ್ಟಿದ ಬಗೆ ಬೇರೆ. ಅಲ್ಲಿ ತಪ್ಪೂ ಇಲ್ಲ, ಅಭಾವವೂ ಇಲ್ಲ. ಪದವಿಯ ಮರ್ಯಾದೆ ಮಾತ್ರ ಇದೆ. ಸ್ವಾತಂತ್ರ್ಯದ ಪ್ರಥಮ ವಾರ್ಷಿಕೋತ್ಸವವಾದ 1948ರ ಆಗಸ್ಟ್ 15ರಂದು ಗಾಂಧೀಜಿಯವರ ಸ್ಮರಣಾರ್ಥವಾಗಿ ಒಂದೂವರೆ ಆಣೆ, ಮೂರೂವರೆ ಆಣೆ, ಹನ್ನೆರಡು ಆಣೆ ಮತ್ತು ಹತ್ತು ರೂಪಾಯಿಗಳ ನಾಲ್ಕು ಚೀಟಿಗಳು ಹೊರಬಂದವು. ಸ್ವದೇಶಿಯ ಮಹಾಪ್ರವರ್ತಕರ ಚಿತ್ರವನ್ನು ಸ್ವಿಟ್ಜರ್ಲೆಂಡಿನ ಕೂರ್ವಾಸಿಯೇ ಮುದ್ರಣಾಲಯದಲ್ಲಿ ಅಚ್ಚುಹಾಕಿಸಿದುದನ್ನು ಕುರಿತು ಆಗಲೂ ಈಗಲೂ ವ್ಯಂಗ್ಯದ ಮಾತುಗಳು ಬಂದುದುಂಟು. ಮುದ್ರಣ ಮಾತ್ರ ನಿರ್ದುಷ್ಟವಾಗಿದೆ. ಗವರ್ನರ್ ಜನರಲ್ ಪದವಿಯಲ್ಲಿದ್ದ ರಾಜಗೋಪಾಲಾಚಾರ್ಯರ ಕಚೇರಿಯ ಉಪಯೋಗಕ್ಕೆಂದು ಇವುಗಳಲ್ಲಿ ಕೆಲವಕ್ಕೆ ‘ಸರ್ವೀಸ್’ ಎಂಬ ಮೇಲ್ಮುದ್ರೆ ಹಾಕಿಸಿದರು. ಹತ್ತು ರೂಪಾಯಿಯದರಲ್ಲಿ ಹೀಗೆ ಮುದ್ರೆಗೊಂಡದ್ದು ನೂರು ಮಾತ್ರ. ಹತ್ತು ರೂಪಾಯಿ ಆ ಕಾಲಕ್ಕೆ ಭಾರಿ ಮೊತ್ತ, ಸರ್ಕಾರಿ ಟಪಾಲಿಗೆ ಅದರ ಅಗತ್ಯವೇ ಬೀಳುತ್ತಿರಲಿಲ್ಲ. ಹೀಗಾಗಿ ಅಂಚೆಯ ದೃಷ್ಟಿಯಿಂದ ನಿಷ್ಪ್ರಯೋಜಕವಾದ ಚೀಟಿಯೇ ಸಂಗ್ರಾಹಕರಿಗೆ ಪರಮಾರ್ಥವಾಯಿತು. 2011ರಲ್ಲಿ ಜಿನೀವಾದಲ್ಲಿ ಇದರ ಒಂದು ಪ್ರತಿ 1,44,000 ಯೂರೋಗಳಿಗೆ ಹೋಯಿತು. 2017ರಲ್ಲಿ ಲಂಡನ್ನಿನ ಸ್ಟ್ಯಾನ್ಲಿ ಗಿಬನ್ಸ್ ಸಂಸ್ಥೆಯು ಬಿಡಿಸದ ನಾಲ್ಕು ಚೀಟಿಗಳ ಸಾಲೊಂದನ್ನು ಆಸ್ಟ್ರೇಲಿಯದ ಸಂಗ್ರಾಹಕನೊಬ್ಬನಿಗೆ 5,00,000 ಪೌಂಡುಗಳಿಗೆ ಮಾರಿತು. ಭಾರತದ ಚೀಟಿಗಳಿಗೆ ಅಲ್ಲಿಯವರೆಗೆ ದೊರೆತ ಬೆಲೆಗಳಲ್ಲಿ ಇದೇ ಗರಿಷ್ಠ. ಇದು ಹರಾಜಲ್ಲದೆ ಖಾಸಗಿ ಕ್ರಯವಾದುದರಿಂದ, ಎರಡು ಮೊತ್ತಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುವಾಗ ವಿವೇಚನೆ ಅಗತ್ಯ.

ದೇಶೀಯ ಸಂಸ್ಥಾನಗಳ ಚೀಟಿಗಳು ಪ್ರತ್ಯೇಕ ಲೇಖನಕ್ಕೆ ಅರ್ಹವಾದ ವಿಷಯ. ಪಟಿಯಾಲ, ಗ್ವಾಲಿಯರ್ ಮುಂತಾದ ಆರು ಸಂಸ್ಥಾನಗಳು ಬ್ರಿಟಿಷ್ ಭಾರತದ ಚೀಟಿಗಳ ಮೇಲೆ ತಮ್ಮ ಹೆಸರನ್ನು ಮುದ್ರಿಸಿ ಬಳಸಿದವು; ಕಾಶ್ಮೀರ, ಹೈದರಾಬಾದು, ತಿರುವಾಂಕೂರು, ಕೊಚ್ಚಿ ಮೊದಲಾದವು ಸ್ವಂತ ಚೀಟಿಗಳನ್ನು ಹೊರಡಿಸಿದವು. ಕಾಶ್ಮೀರದ 1866ರ ದುಂಡು ಚೀಟಿಗಳು ಇವುಗಳಲ್ಲಿ ಅತ್ಯಂತ ಬೆಲೆಯುಳ್ಳವು. ಬೀದರ, ರಾಯಚೂರು, ಗುಲ್ಬರ್ಗಗಳ ಜನ ನಿಜಾಮನ ಚೀಟಿಗಳನ್ನು ಬಳಸಿದವರು; ಆ ಊರುಗಳ ಮುದ್ರೆಯುಳ್ಳ ಹೈದರಾಬಾದಿನ ಲಕೋಟೆಗಳಿಗೆ ನಮ್ಮ ನಾಡಿನ ಸಂಗ್ರಾಹಕರಲ್ಲಿ ವಿಶೇಷ ಮನ್ನಣೆಯಿದೆ. ಮೈಸೂರಿನ ಸ್ಥಿತಿ ವಿಲಕ್ಷಣವಾದದ್ದು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ, 1672ರಷ್ಟು ಹಿಂದೆಯೇ, ಸ್ಥಾಪಿತವಾದ ಅಂಚೆಯ ಇಲಾಖೆ ಅಲ್ಲಿತ್ತು. 1889ರಲ್ಲಿ ಅದು ಬ್ರಿಟಿಷ್ ಭಾರತದ ಅಂಚೆಯಲ್ಲಿ ಲೀನವಾಗುವವರೆಗೂ ತನ್ನದೇ ಆದ ಅಂಟುಚೀಟಿಯನ್ನು ಮಾತ್ರ ಹೊರಡಿಸಲಿಲ್ಲ. ಆದಕಾರಣ ‘ಮೈಸೂರು ಅಂಚೆ’ಯ ಸಂಗ್ರಹವೆಂದರೆ ಕೈಮುದ್ರೆಗಳುಳ್ಳ ಕಾಗದಗಳ ಸಂಗ್ರಹವೇ ಹೊರತು ಚೀಟಿಗಳದಲ್ಲ.

ಮುದ್ರಣದ ಪ್ರಮಾದದಿಂದ ಪ್ರಖ್ಯಾತವಾದ ಚೀಟಿಗಳಲ್ಲಿ ಸ್ವೀಡನ್ನಿನದು ಒಂದು. ಹಸುರಾಗಿರಬೇಕಾಗಿದ್ದು ಹಳದಿಯಾದ 1855ರ ಮೂರು ಸ್ಕಿಲಿಂಗಿನ ಈ ಏಕೈಕ ಚೀಟಿ 1996ರಲ್ಲಿ 28 ಲಕ್ಷಕ್ಕೂ ಮಿಕ್ಕ ಸ್ವಿಸ್ ಫ್ರಾಂಕುಗಳನ್ನು ತಂದಿತು. ಮತ್ತೊಂದು, ಅಮೆರಿಕದ 1918ರ 24 ಸೆಂಟಿನ ವಿಮಾನ ಚೀಟಿ. ವಿಮಾನವು ತಲೆಕೆಳಗಾಗಿ ಮುದ್ರಿತವಾದ ನೂರು ಚೀಟಿಗಳ ಹಾಳೆಯೊಂದನ್ನು ವಾಷಿಂಗ್‌ಟನ್ನಿನ ಅಂಚೆಕಚೇರಿಯಲ್ಲಿ ವಿಲಿಯಂ ರೋಬಿ 24 ಡಾಲರಿಗೆ ಕೊಂಡು, ಅಧಿಕಾರಿಗಳು ಹಿಂದಿರುಗಿಸೆಂದು ಬೆನ್ನಟ್ಟಿದರೂ ಮಣಿಯದೆ, ಕೆಲವೇ ದಿನಗಳಲ್ಲಿ 15,000 ಡಾಲರಿಗೆ ಮಾರಿದನು. ಆಮೇಲಿನ ಒಡೆಯನು ಪ್ರತಿ ಚೀಟಿಯ ಹಿಂದೆಯೂ ಸೀಸದ ಕಡ್ಡಿಯಿಂದ ಹಾಳೆಯಲ್ಲಿ ಅದರ ಸ್ಥಾನದ ಸಂಖ್ಯೆಯನ್ನು ಬರೆಯಿಸಿ ಬಿಡಿಬಿಡಿಯಾಗಿ ಮಾರಿದುದರಿಂದ, ಇಂದು ಅವುಗಳ ವಂಶಾವಳಿ ಒಂದೊಂದಾಗಿ ತಿಳಿದುಬರುತ್ತದೆ. ಅವುಗಳಲ್ಲಿ 49ನೆಯದು, ದೀರ್ಘಕಾಲ ಬ್ಯಾಂಕಿನ ಪೆಟ್ಟಿಗೆಯಲ್ಲಿ ಬೆಳಕು ಸೋಕದೆ ಉಳಿದದ್ದು, 2023ರಲ್ಲಿ 20 ಲಕ್ಷ ಡಾಲರನ್ನು ದಾಟಿತು. ಅದೇ ಹಾಳೆಯ ಕಳೆಗುಂದಿದ ಒಡಹುಟ್ಟುಗಳು ಇದರ ಅಲ್ಪಾಂಶಕ್ಕೆ ತೃಪ್ತಿಪಡಬೇಕಾಗಿದೆ.

ಅಪೂರ್ವತೆಯನ್ನು ಸೃಷ್ಟಿಸಬಲ್ಲ ಸರ್ಕಾರಕ್ಕೆ ಅದನ್ನು ನಾಶಪಡಿಸುವ ಶಕ್ತಿಯೂ ಉಂಟು. 1962ರಲ್ಲಿ ಅಮೆರಿಕದ ಅಂಚೆಯವರು ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯಾಗಿದ್ದ ಡಾಗ್ ಹ್ಯಾಮರ್‌ಷೋಲ್ಡರ ಸ್ಮರಣೆಗೆ ಹೊರಡಿಸಿದ ಚೀಟಿಯ ಒಂದು ಹಾಳೆಯಲ್ಲಿ ಹಳದಿ ಬಣ್ಣವು ತಿರುವಾಗಿ ಬಿದ್ದಿತ್ತು. ಅದನ್ನು ಕೊಂಡಿದ್ದ ವ್ಯಕ್ತಿಯು ತನ್ನ ಭಾಗ್ಯವನ್ನು ಪ್ರಕಟಿಸಿದೊಡನೆ, ಪೋಸ್ಟ್‌ಮಾಸ್ಟರ್ ಜನರಲ್ಲನು ಬುದ್ಧಿಪೂರ್ವಕವಾಗಿ ಅದೇ ದೋಷವನ್ನು ಮರುಮುದ್ರಿಸಿ ಕೋಟ್ಯಂತರ ಚೀಟಿಗಳನ್ನು ಎಲ್ಲರಿಗೂ ಮಾರಿಸಿಬಿಟ್ಟನು. ಅದೃಷ್ಟದ ಆಟಕ್ಕೆ ಇಲಾಖೆ ರಂಗವಾಗಕೂಡದೆಂಬುದು ಅವನ ವಾದ. ಇದಕ್ಕೂ ಮೊದಲು 1930ರ ದಶಕದಲ್ಲಿ ಅದೇ ದೇಶದ ಪೋಸ್ಟ್‌ಮಾಸ್ಟರ್ ಜನರಲ್ ಫಾರ್ಲಿ, ಅಂಚಿಗೆ ರಂಧ್ರಗಳಿಲ್ಲದ ಹಾಳೆಗಳನ್ನು ಸ್ವತಃ ಸಂಗ್ರಾಹಕನಾಗಿದ್ದ ಅಧ್ಯಕ್ಷ ರೂಸ್‌ವೆಲ್ಟ್ ಮೊದಲಾದವರಿಗೆ ಕಾಣಿಕೆಯಾಗಿ ಕೊಟ್ಟು, ಸಾರ್ವಜನಿಕರ ಆಕ್ರೋಶಕ್ಕೆ ಗುರಿಯಾಗಿ, ಅವೇ ಹಾಳೆಗಳನ್ನು 1935ರಲ್ಲಿ ಎಲ್ಲರಿಗೂ ಮಾರುವ ಏರ್ಪಾಡು ಮಾಡಬೇಕಾಯಿತು. ಚೀನದಲ್ಲಿ 1968ರಲ್ಲಿ ದೇಶದ ಭೂಪಟವನ್ನೆಲ್ಲ ಕೆಂಪಾಗಿಸಿ ತೈವಾನನ್ನು ಬಿಳಿಯಾಗಿಯೇ ಬಿಟ್ಟ ಚೀಟಿಯೊಂದನ್ನು ಕೂಡಲೇ ಹಿಂತೆಗೆದುಕೊಂಡರು. ಆ ಮೊದಲೇ ಮಾರಾಟವಾಗಿದ್ದ ಕೆಲವು ಇಂದು ಚೀನದ ಶ್ರೀಮಂತರ ಪರಮನಿಧಿಗಳಾಗಿವೆ.

ಇನ್ನು ಚೀಟಿಯ ದೇಹಸ್ಥಿತಿಯ ಮಾತು. ಹಾಳೆಯಲ್ಲಿ ಚಿತ್ರವು ನಟ್ಟನಡುವೆ ಬಿದ್ದಿದೆಯೆ, ನಾಲ್ಕು ಅಂಚುಗಳೂ ಸಮವಾಗಿವೆಯೆ, ರಂಧ್ರಗಳ ಹಲ್ಲು ಮುರಿದಿದೆಯೆ, ಕಾಗದದಲ್ಲಿ ಮಡಿಕೆಯೋ ತೆಳುವಾದ ಜಾಗವೋ ಇದೆಯೆ, ಹಿಂದಿನ ಅಂಟು ಮೂಲರೂಪದಲ್ಲಿದೆಯೆ ಎಂಬ ಪ್ರಶ್ನೆಗಳಿಗೆ ಸಿಕ್ಕುವ ಉತ್ತರಗಳ ಮೇಲೆ, ಒಂದೇ ಚೀಟಿಯ ಎರಡು ಪ್ರತಿಗಳ ಬೆಲೆ ಹತ್ತು ಪಟ್ಟು ವ್ಯತ್ಯಾಸವಾಗಬಹುದು. ರಂಧ್ರಗಳನ್ನು ಎರಡು ಸೆಂಟಿಮೀಟರ್ ಉದ್ದದಲ್ಲಿ ಎಷ್ಟೆಂದು ಎಣಿಸುವುದು ಕ್ರಮ. ಕಾಗದದೊಳಗಿನ ನೀರುಗುರುತನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಮೇಲುನೋಟಕ್ಕೆ ಒಂದೇ ಆಗಿರುವ ಚೀಟಿಗಳು ಈ ಎರಡರಿಂದಲೇ ಸಾಮಾನ್ಯವೋ ಅಪೂರ್ವವೋ ಎಂದು ತೀರ್ಮಾನವಾಗುತ್ತವೆ. ಹಿಂದಿನವರು ಸಣ್ಣ ಕಾಗದದ ಹಿಂಜ್ ಅಂಟಿಸಿ ಚೀಟಿಯನ್ನು ಆಲ್ಬಮ್ಮಿಗೆ ಕೂಡಿಸುತ್ತಿದ್ದರು. ಹಿಂಜ್ ಸೋಕದ ಅಂಟಿಗೆ ಇಂದಿನವರು ಕೊಡುವ ಅಧಿಕ ಬೆಲೆಯನ್ನು ಕಂಡರೆ, ಚಿತ್ರವನ್ನು ಬಿಟ್ಟು ಗೋಂದನ್ನು ಪೂಜಿಸುವರೋ ಎಂಬ ಸಂಶಯ ಬರುತ್ತದೆ. ಮಲೆನಾಡು, ಕರಾವಳಿಗಳಂಥ ಮಳೆಸೀಮೆಯಲ್ಲಿ ಹಳೆಯ ಅಂಟನ್ನು ಕಾಪಾಡುವುದು ದುಸ್ಸಾಧ್ಯ. ತೇವಕ್ಕೆ ಅದು ಕರಗಿ ಹಾಳೆಗೆ ಕಚ್ಚಿಕೊಳ್ಳುತ್ತದೆ, ಕಾಗದದ ಮೇಲೆ ಕಂದು ಚುಕ್ಕೆಗಳೇಳುತ್ತವೆ. ಭಾರತದ ಹಳೆಯ ಚೀಟಿಗಳು ನಿರ್ಮಲಸ್ಥಿತಿಯಲ್ಲಿ ದುರ್ಲಭವಾಗಿರುವುದಕ್ಕೆ ಈ ಹವೆಯೂ ಒಂದು ಕಾರಣ.

ಬೆಲೆ ಇದ್ದಲ್ಲಿ ಖೋಟಾ ತಪ್ಪಿದ್ದಲ್ಲ. ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಜೀನ್ ಡಿ ಸ್ಪೆರಾತಿ ಎಂಬಾತನು ಮಾಡಿದ ಪ್ರತಿಕೃತಿಗಳು ತಜ್ಞರನ್ನೂ ಮೋಸಗೊಳಿಸುವಷ್ಟು ನೈಜವಾಗಿದ್ದವು. ಈಗ ಅವನ್ನೇ ಸಂಗ್ರಹಿಸುವವರೂ ಇದ್ದಾರೆ. ಪೂರ್ಣ ಖೋಟಾಕ್ಕಿಂತ ಅಪಾಯಕರವಾದದ್ದು ಅಸಲಿ ಚೀಟಿಯ ಮೇಲಣ ಕುಶಲ ಕೆಲಸ: ಮುದ್ರೆಯನ್ನು ಅಳಿಸಿ ಬಳಸದ ಚೀಟಿಯೆನ್ನುವುದು, ರಾಸಾಯನಿಕದಿಂದ ಬಣ್ಣ ಬದಲಿಸುವುದು, ಹೊಸದಾಗಿ ಅಂಟು ಬಳಿಯುವುದು, ಸಾಮಾನ್ಯ ಚೀಟಿಗೆ ಅಪೂರ್ವ ಮೇಲ್ಮುದ್ರೆಯನ್ನು ಹೊಡೆಯುವುದು. ಗಾಂಧಿ ಚೀಟಿಯ ವಿಷಯದಲ್ಲಿ ಈ ಕಡೆಯ ವಿಧಾನದ ಭಯ ಸಹಜವಾಗಿಯೇ ಹೆಚ್ಚು. ಗಯಾನಾದ ಒಂದು ಸೆಂಟಿನ ಚೀಟಿಗೂ ಜೊತೆಯೊಂದಿದೆಯೆಂದು 20ನೆಯ ಶತಮಾನದ ಕೊನೆಯಲ್ಲಿ ಗುಲ್ಲೆದ್ದಾಗ, ಲಂಡನ್ನಿನ ರಾಯಲ್ ಫಿಲಾಟೆಲಿಕ್ ಸೊಸೈಟಿಯ ತಜ್ಞರು ಪರಿಶೀಲಿಸಿ, ಅದು ನಾಲ್ಕು ಸೆಂಟಿನ ಚೀಟಿಯನ್ನು ತಿದ್ದಿ ಮಾಡಿದುದೆಂದು ತೀರ್ಪುಕೊಟ್ಟರು. 1869ರಲ್ಲಿ ಸ್ಥಾಪಿತವಾದ ಈ ಸಂಸ್ಥೆಯಂಥವು ಕೊಡುವ ಪ್ರಮಾಣಪತ್ರವಿಲ್ಲದೆ ಯಾವ ದೊಡ್ಡ ಚೀಟಿಯೂ ಇಂದು ಹರಾಜಿಗೆ ಬರುವುದಿಲ್ಲ. ಅದರೊಡನೆ, ಚೀಟಿಯು ಯಾರ ಯಾರ ಸಂಗ್ರಹಗಳನ್ನು ಹಾದುಬಂದಿತೆಂಬ ಒಡೆತನದ ಪರಂಪರೆಯೂ ಬೇಕು. ಫೆರಾರಿಯ ಹೆಸರಿದ್ದರೆ ಸವಾಲು ತಾನಾಗಿ ಏರುತ್ತದೆ.

ಹರಾಜಿನ ಕ್ರಮವನ್ನು ತಿಳಿಯದವರು ಪ್ರಕಟಿತ ಮೊತ್ತಗಳಿಂದ ದಾರಿತಪ್ಪುತ್ತಾರೆ. ಸಂಸ್ಥೆಯು ಮುಂಚಿತವಾಗಿ ಪ್ರಕಟಿಸುವ ಅಂದಾಜು ಒಂದು. ಅದಕ್ಕಿಂತ ಕೆಳಗೆ ಕೊಡಲಾರೆನೆಂದು ಮಾರುವವನು ಗುಟ್ಟಾಗಿ ಗೊತ್ತುಪಡಿಸಿದ ಕನಿಷ್ಠ ಬೆಲೆ ಇನ್ನೊಂದು. ಸುತ್ತಿಗೆ ಬಿದ್ದಾಗ ನಿಂತ ಸವಾಲು ಮತ್ತೊಂದು. ಅದರ ಮೇಲೆ ಕೊಂಡವನು ಸಂಸ್ಥೆಗೆ ತೆರುವ ಕಮಿಷನ್ ಕೂಡಿದ ಮೊತ್ತ ಬೇರೊಂದು. 2014ರಲ್ಲಿ ಗಯಾನಾ ಚೀಟಿಗೆ ಸುತ್ತಿಗೆ ಬಿದ್ದದ್ದು 79 ಲಕ್ಷ ಡಾಲರಿಗೆ. ಪತ್ರಿಕೆಗಳಲ್ಲಿ ಬಂದ 94,80,000 ಡಾಲರು ಕಮಿಷನ್ ಸೇರಿದ ಸಂಖ್ಯೆ. ಮಾರಿದವನ ಕೈಗೆ ಬರುವುದು ಇವೆರಡಕ್ಕಿಂತಲೂ ಕಡಮೆ. ಕ್ಯಾಟಲಾಗುಗಳಲ್ಲಿ ಅಚ್ಚಾದ ಬೆಲೆಯಂತೂ, ಒಳ್ಳೆಯ ಸ್ಥಿತಿಯ ಪ್ರತಿಯನ್ನು ವ್ಯಾಪಾರಿಯು ಮಾರಬಯಸುವ ಬೆಲೆಯೇ ವಿನಾ ಅವನು ಕೊಳ್ಳುವ ಬೆಲೆಯಲ್ಲ. ಬೆಲೆ ಏರುತ್ತಲೇ ಇರುವುದೆಂಬ ನಂಬಿಕೆಯೂ ನಿರಾಧಾರವಾದದ್ದು. ಗಯಾನಾದ ಅದೇ ಚೀಟಿಗೆ 2021ರಲ್ಲಿ 1 ಕೋಟಿಯಿಂದ ಒಂದೂವರೆ ಕೋಟಿ ಡಾಲರಿನ ಅಂದಾಜಿದ್ದರೂ, ಬಂದದ್ದು ಕಮಿಷನ್ ಸೇರಿ 83 ಲಕ್ಷ. ವೈಟ್ಸ್‌ಮನ್ ಏಳು ವರ್ಷ ಇಟ್ಟುಕೊಂಡು ನಷ್ಟಕ್ಕೆ ಮಾರಿದಂತಾಯಿತು. ಕೊಂಡ ಸ್ಟ್ಯಾನ್ಲಿ ಗಿಬನ್ಸ್ ಸಂಸ್ಥೆಯು ಅದರ ಒಡೆತನವನ್ನು 100 ಪೌಂಡಿನ ಪಾಲುಗಳಾಗಿ ಸಾರ್ವಜನಿಕರಿಗೆ ಮಾರಲು ತೊಡಗಿತು. ಕಣ್ಣಾರೆ ಕಂಡು ಆಲ್ಬಮ್ಮಿನಲ್ಲಿಡಲಾಗದ ಚೀಟಿಯ ಸಾವಿರಾರು ಪಾಲುಗಾರರನ್ನು ಸಂಗ್ರಾಹಕರೆಂದು ಕರೆಯಬೇಕೋ ಷೇರುದಾರರೆಂದು ಕರೆಯಬೇಕೋ ಎಂಬುದು ಚರ್ಚಾಸ್ಪದ.

ನಮ್ಮ ಮನೆಗಳಲ್ಲಿ ಹಿರಿಯರು ಬಿಟ್ಟುಹೋದ ಆಲ್ಬಮ್ಮುಗಳಲ್ಲಿ ಸಾಮಾನ್ಯವಾಗಿ ಕಾಣುವ ಚೀಟಿಗಳು ಈ ವರ್ಗಕ್ಕೆ ಸೇರಿದವಲ್ಲ. ಆರನೆಯ ಜಾರ್ಜ್ ದೊರೆಯ ಒಂದಾಣೆ, ಎರಡಾಣೆಯ ಚೀಟಿಗಳೂ ಸ್ವಾತಂತ್ರ್ಯಾನಂತರದ ಹೆಚ್ಚಿನ ಸ್ಮಾರಕ ಚೀಟಿಗಳೂ ಲಕ್ಷೋಪಲಕ್ಷವಾಗಿ ಮುದ್ರಿತವಾದವು. ಬಳಸಿದ ಪ್ರತಿಗಳಿಗೆ ಬಿಡಿಕಾಸು, ಬಳಸದವಕ್ಕೆ ಬಹುಮಟ್ಟಿಗೆ ಮುಖಬೆಲೆಯ ಆಸುಪಾಸು. ಅಂಥ ಆಲ್ಬಮ್ಮನ್ನು ಮಾರಹೊರಟವನು ಚೀಟಿಗಳಿಗಿಂತ ಮೊದಲು ಜೊತೆಯಲ್ಲಿರುವ ಹಳೆಯ ಕಾಗದದ ಕಟ್ಟನ್ನು ಬಿಚ್ಚಿ ನೋಡುವುದು ಮೇಲು. ಅಪೂರ್ವವಾದವುಗಳಲ್ಲಿಯೂ ಒಂದು ಭಾಗ ಎಂದೆಂದಿಗೂ ಮಾರುಕಟ್ಟೆಗೆ ಬಾರದೆ ಉಳಿದಿದೆ: ಐದನೆಯ ಜಾರ್ಜ್ ಕೊಂಡ ನೀಲಿ ಚೀಟಿ ಬ್ರಿಟನ್ನಿನ ಅರಮನೆಯ ಸಂಗ್ರಹದಲ್ಲಿದೆ, ಮಾರಿಷಸ್ಸಿನ ಬ್ಯಾಂಕೊಂದರ ಮುಂದಾಳುತನದಲ್ಲಿ 1993ರಲ್ಲಿ ಕೊಂಡುತಂದ ಎರಡು ಚೀಟಿಗಳು ಪೋರ್ಟ್ ಲೂಯಿಯ ಬ್ಲೂ ಪೆನ್ನಿ ವಸ್ತುಸಂಗ್ರಹಾಲಯದಲ್ಲಿವೆ, ನವದೆಹಲಿಯ ಡಾಕ್ ಭವನದಲ್ಲಿ 1968ರಿಂದ ಇರುವ ರಾಷ್ಟ್ರೀಯ ಅಂಚೆಚೀಟಿ ಸಂಗ್ರಹಾಲಯವು ಭಾರತದ ಮಾಲೆಗಳನ್ನು ಕಾಯ್ದಿರಿಸಿದೆ. ಹರಾಜಿನವರು ಒಂದು ಚೀಟಿಯ ಉಳಿದ ಪ್ರತಿಗಳ ಲೆಕ್ಕ ಹಾಕುವಾಗ ಇಂಥವನ್ನು ಕಳೆದು, ಖಾಸಗಿಯವರ ಕೈಯಲ್ಲಿರುವುವೆಷ್ಟೆಂಬುದನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತಾರೆ.